ಜಡ್ಜ್‌ಗಳೂ ತೆರೆದು ನೋಡದ ಅಪಘಾತ ವರದಿ: 1948ರ ಬಿ-29 ಕಥೆ

ವಿಡಿಯೋ ಪೂರ್ತಿ ನೋಡೋಕೆ ಪುರುಸೊತ್ತಿಲ್ಲ, ಲೋಕಲ್ ಟ್ರೇನಲ್ಲೋ ಮೆಟ್ರೋದಲ್ಲೋ ಓದ್ಕೋತೀವಿ ಅನ್ನೋರಿಗಾಗಿ ಈ ವಾರದ ಮಾತನ್ನ ಎಂದಿನ ಹಾಗೆ ಬರಹಕ್ಕೆ ಇಳಿಸಿದ್ದೀನಿ. ಮಾತಾಡುವಾಗ ಬಿಟ್ಟುಹೋದ ಒಂದೆರಡು ವಿಷಯ ಇಲ್ಲಿ ಸೇರಿಸಿದ್ದೀನಿ.

ಮೊದಲು ನನ್ನದೇ ಒಂದು ತಪ್ಪೊಪ್ಪಿಗೆ. ಕೆಲವು ವರ್ಷದ ಹಿಂದೆ ಪುಣೆಯಲ್ಲಿ ಕೆಲಸ ಮಾಡ್ತಿದ್ದಾಗ ಒಂದು ರಾತ್ರಿ ನಮ್ಮ ಪ್ರೊಡಕ್ಷನ್ ಸಿಸ್ಟಮ್ ನಾಲ್ಕು ಗಂಟೆ ಮಲಗಿಬಿಡ್ತು. ರೂಟ್ ಕಾಸ್ ವರದಿ ಬರೆಯೋ ಕೆಲಸ ನನ್ನ ತಲೆಗೇ ಬಂತು. ಕಾರಣ ಸರಳವಾಗಿತ್ತು. ಮೂರು ತಿಂಗಳ ಹಿಂದೆಯೇ ಹಾಕಬೇಕಾಗಿದ್ದ ಒಂದು ಪ್ಯಾಚ್ ಹಾಕಿರಲಿಲ್ಲ, ಅಷ್ಟೇ. ನಾನು ಹಾಗೇ ಬರೆದೆ. ಮಾರನೇ ದಿನ ಆ ಫೈಲಿನ ಮೇಲೆ ‘ಕಾನ್ಫಿಡೆನ್ಷಿಯಲ್’ ಅಂತ ಮುದ್ರೆ ಬಿತ್ತು, ಕ್ಲೈಂಟ್‌ಗೆ ‘ಇನ್ಫ್ರಾಸ್ಟ್ರಕ್ಚರ್ ತೊಂದರೆ’ ಅಂತ ಎರಡು ಸಾಲು ಹೋಯ್ತು. ಆ ಫೈಲಲ್ಲಿ ಗುಟ್ಟು ಅನ್ನೋದು ಏನೂ ಇರಲಿಲ್ಲ, ಇದ್ದದ್ದು ನಮ್ಮ ಮುಜುಗರ. ನಾನೂ ಸುಮ್ಮನಿದ್ದೆ. ಇವತ್ತಿನ ಕಥೆ ಮೊದಲ ಸಲ ಓದಿದಾಗ ಆ ಫೈಲೇ ಕಣ್ಮುಂದೆ ಬಂದಿದ್ದು. ನಮ್ಮ ಕೇಸಲ್ಲಿ ಯಾರ ಜೀವವೂ ಹೋಗಲಿಲ್ಲ. ಇಲ್ಲಿ ಒಂಬತ್ತು ಜನ ಸತ್ತರು.

ಎರಡನೇ ಮಹಾಯುದ್ಧ ಮುಗಿದ ನಂತರದ ಆ ಐದಾರು ವರ್ಷ ಮಿಲಿಟರಿ ವಿಮಾನಗಳಿಗೆ ಕೆಟ್ಟ ಕಾಲ. ಯುದ್ಧದ ಅವಸರದಲ್ಲಿ ಮಾಡಿದ ಯಂತ್ರಗಳು ಹಾಗೇ ಉಳಿದವು, ಅದನ್ನ ಬಲ್ಲ ಮೆಕ್ಯಾನಿಕ್‌ಗಳು ಸೇನೆ ಬಿಟ್ಟು ಮನೆಗೆ ಹೋದರು. ಜೊತೆಗೆ ಜೆಟ್ ಅನ್ನೋ ಹೊಸ ಪ್ರಾಣಿ ಬೇರೆ ಬಂತು. ಬ್ರಿಟನ್ನಿನ ವಾಯುಪಡೆ ತನ್ನ ಸೇವೆಯಲ್ಲಿದ್ದ ಮೀಟಿಯರ್ ಅನ್ನೋ ಒಂದೇ ಮಾದರಿಯ ಜೆಟ್‌ನಲ್ಲಿ 800ಕ್ಕೂ ಹೆಚ್ಚು ವಿಮಾನ ಕಳ್ಕೊಂಡಿತು, ಶತ್ರುಗಳಿಂದಲ್ಲ, ಅಪಘಾತಗಳಿಂದ. ಅಂಥ ಕಾಲದಲ್ಲಿ ಒಂದು ಬಾಂಬರ್ ಬಿತ್ತು ಅಂದ್ರೆ ಪೇಪರಲ್ಲಿ ಒಂದು ದಿನದ ಸುದ್ದಿ. ಆದರೆ ಅಮೆರಿಕದ ಎರಡು ಅಪಘಾತಗಳು ಕೋರ್ಟಿನ ಒಳಗಡೆ ಇವತ್ತಿಗೂ ಬದುಕಿವೆ.

ಮೊದಲನೆಯದು ನಿಮಗೆ ಗೊತ್ತಿರಬಹುದು. 1945ರ ಜುಲೈ 28, ನ್ಯೂಯಾರ್ಕ್‌ನಲ್ಲಿ ದಟ್ಟ ಮಂಜು. ಒಂದು ಬಿ-25 ಬಾಂಬರ್ ದಾರಿ ತಪ್ಪಿ ಎಂಪೈರ್ ಸ್ಟೇಟ್ ಕಟ್ಟಡದ 79ನೇ ಮಹಡಿ ಹತ್ತಿರ ನುಗ್ಗಿತು. ವಿಮಾನದಲ್ಲಿದ್ದ ಮೂವರು, ಕಟ್ಟಡದಲ್ಲಿದ್ದ 11 ಜನ ಸತ್ತರು. (ಬೆಟ್ಟಿ ಲೂ ಆಲಿವರ್ ಅನ್ನೋ ಲಿಫ್ಟ್ ಆಪರೇಟರ್ 75 ಮಹಡಿ ಕೆಳಗೆ ಲಿಫ್ಟ್ ಸಮೇತ ಬಿದ್ದೂ ಬದುಕಿದಳು. ಅದು ಇನ್ನೊಂದು ವಿಡಿಯೋ ಆಗೋ ಕಥೆ.) ಆಗ ಅಮೆರಿಕದಲ್ಲಿ ಸರ್ಕಾರದ ನೌಕರನ ನಿರ್ಲಕ್ಷ್ಯದಿಂದ ಸತ್ತರೂ ಸರ್ಕಾರದ ಮೇಲೆ ಪರಿಹಾರಕ್ಕೆ ದಾವೆ ಹೂಡೋಕೆ ಸಾಮಾನ್ಯವಾಗಿ ಆಗ್ತಿರಲಿಲ್ಲ. ಅದಕ್ಕೆ ಅವಕಾಶ ಕೊಡೋ ಮಸೂದೆ ವರ್ಷಗಟ್ಟಲೆ ಕೊಳೀತಿತ್ತು, ಈ ಅಪಘಾತ ಅದಕ್ಕೆ ಜೀವ ಕೊಟ್ಟಿತು. 1946ರಲ್ಲಿ ಫೆಡರಲ್ ಟಾರ್ಟ್ ಕ್ಲೇಮ್ಸ್ ಕಾಯ್ದೆ ಬಂತು. ಎಂಪೈರ್ ಸ್ಟೇಟ್‌ನಲ್ಲಿ ಸತ್ತವರ ಮನೆಯವರಿಗೂ ಸಿಗಲಿ ಅಂತ 1945ರ ಜನವರಿಯಿಂದಲೇ ಅನ್ವಯ ಆಗೋ ಹಾಗೆ ಮಾಡಿದರು.

ಅಂದ್ರೆ ಒಂದು ಮಿಲಿಟರಿ ವಿಮಾನ ಬಿದ್ದು ಸರ್ಕಾರವನ್ನ ಪ್ರಶ್ನಿಸೋ ಬಾಗಿಲು ತೆರೀತು. ಮೂರು ವರ್ಷದ ನಂತರ ಬಿದ್ದ ಇನ್ನೊಂದು ವಿಮಾನ ಆ ಬಾಗಿಲಿಗೆ ಒಳಗಿಂದ ಚಿಲಕ ಹಾಕೋಕೆ ದಾರಿ ಮಾಡಿತು.

ಬಿ-29 ಅಂದ್ರೆ ಹಿರೋಶಿಮಾ ಮೇಲೆ ಬಾಂಬ್ ಹಾಕಿದ ವಿಮಾನದ ಮಾದರಿ. ನೋಡೋಕೆ ಭರ್ಜರಿ, ಆದರೆ ಅದರ ರೈಟ್ ಕಂಪನಿಯ ಆರ್-3350 ಇಂಜಿನ್ ಹುಟ್ಟಿನಿಂದಲೇ ಬಿಸಿ ತಲೆಯದು. ಎರಡು ಸಾಲಲ್ಲಿ 18 ಸಿಲಿಂಡರ್, ಹಿಂದಿನ ಸಾಲಿಗೆ ಗಾಳಿ ಸರಿಯಾಗಿ ತಲುಪಲ್ಲ. ತೂಕ ಕಮ್ಮಿ ಇರಲಿ ಅಂತ ಕವಚಕ್ಕೆ ಮೆಗ್ನೀಸಿಯಂ ಹಾಕಿದ್ರು. ಮೆಗ್ನೀಸಿಯಂಗೆ ಬೆಂಕಿ ಹತ್ತಿದರೆ ಆರಿಸೋದು ಎಷ್ಟು ಕಷ್ಟ ಅಂತ ಪಿಯುಸಿ ಲ್ಯಾಬಲ್ಲಿ ಆ ಬಿಳಿ ಬೆಳಕು ನೋಡಿದವರಿಗೆ ನೆನಪಿರುತ್ತೆ. 1943ರ ಫೆಬ್ರವರಿಯಲ್ಲಿ ಪರೀಕ್ಷಾ ಹಾರಾಟದಲ್ಲಿದ್ದ ಒಂದು ಮೂಲ ಮಾದರಿಯೇ ಇಂಜಿನ್ ಬೆಂಕಿಯಿಂದ ಸಿಯಾಟಲ್‌ನಲ್ಲಿ ಬಿದ್ದು, ಪ್ರಸಿದ್ಧ ಟೆಸ್ಟ್ ಪೈಲಟ್ ಎಡ್ಡಿ ಆಲೆನ್ ಸೇರಿ ಅದರಲ್ಲಿದ್ದ 11 ಜನವೂ ಸತ್ತಿದ್ದರು. ಹಾಗಾಗಿ ಇಂಜಿನ್ ಬಿಸಿ ತಡೆಯೋಕೆ ಈ ಮಾರ್ಪಾಡು ಮಾಡಿ, ಆ ಮಾರ್ಪಾಡು ಮಾಡಿ ಅಂತ ‘ಟೆಕ್ನಿಕಲ್ ಆರ್ಡರ್’ಗಳು ಬರ್ತಾನೇ ಇದ್ದವು. ನಮ್ಮ ಪ್ಯಾಚ್ ಬುಲೆಟಿನ್ ಇದ್ದ ಹಾಗೆ ಅಂದ್ಕೊಳ್ಳಿ.

1948ರ ಅಕ್ಟೋಬರ್ 6. ಜಾರ್ಜಿಯಾ ರಾಜ್ಯದ ರಾಬಿನ್ಸ್ ವಾಯುನೆಲೆಯಿಂದ ಮಧ್ಯಾಹ್ನ ಒಂದು ಬಿ-29 ಹೊರಡುತ್ತೆ. ಕೆಲಸ ಗುಪ್ತ ಇಲೆಕ್ಟ್ರಾನಿಕ್ ಉಪಕರಣದ ಪರೀಕ್ಷೆ. ‘ಬ್ಯಾನ್‌ಶೀ’ ಅನ್ನೋ ಹೆಸರಿನ ಯೋಜನೆ, ಪೈಲಟ್ ಇಲ್ಲದೆ ಬಾಂಬರನ್ನ ದೂರದಿಂದ ಗುರಿಗೆ ಮುಟ್ಟಿಸೋದು ಉದ್ದೇಶ. ಒಳಗಿದ್ದವರು 13 ಜನ. ಅವರಲ್ಲಿ ಒಂಬತ್ತು ಜನ ವಾಯುಪಡೆಯ ಸಿಬ್ಬಂದಿ, ನಾಲ್ವರು ನಾಗರಿಕರು ಅಂತ ಸುಪ್ರೀಂ ಕೋರ್ಟ್ ತೀರ್ಪು ಹೇಳುತ್ತೆ. ಆರ್‌ಸಿಎ ಕಂಪನಿಯ ಆಲ್ಬರ್ಟ್ ಪಾಲ್ಯಾ ಮತ್ತು ರಾಬರ್ಟ್ ರೆನಾಲ್ಡ್ಸ್, ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟ್‌ನ ವಿಲಿಯಂ ಬ್ರೌನರ್ ಆ ಗುಂಪಲ್ಲಿದ್ದರು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಕ್ಲೈಂಟ್ ಸೈಟ್‌ಗೆ ಹೋದ ವೆಂಡರ್ ಇಂಜಿನಿಯರ್‌ಗಳು. ಟೆಸ್ಟ್ ನಡೆಯುವಾಗ ಜೊತೆಗಿರಬೇಕು ಅಂತ ಹತ್ತಿದವರು.

ಸುಮಾರು 20,000 ಅಡಿ ಎತ್ತರಕ್ಕೆ ಹತ್ತುತ್ತಿದ್ದಾಗ ಒಂದು ಇಂಜಿನ್ನಿಗೆ ಬೆಂಕಿ ಹತ್ತಿತು. ಸ್ವಲ್ಪ ಹೊತ್ತಲ್ಲೇ ವಿಮಾನ ಹಿಡಿತ ತಪ್ಪಿ ಗಿರಕಿ ಹೊಡೀತಾ ವೇಕ್ರಾಸ್ ಅನ್ನೋ ಊರಿನ ಹತ್ತಿರ ಬಿತ್ತು. ನಾಲ್ವರು ಪ್ಯಾರಾಚೂಟ್‌ನಿಂದ ಬದುಕಿದರು. ಪಾಲ್ಯಾ, ರೆನಾಲ್ಡ್ಸ್, ಬ್ರೌನರ್ ಮೂವರೂ ಸತ್ತವರಲ್ಲಿದ್ದರು. ಪಾಲ್ಯಾ ಅವರ ಮಗಳು ಜೂಡಿಗೆ ಆಗ ಏಳು ವಾರ.

ಮೂವರು ವಿಧವೆಯರು 1946ರ ಆ ಹೊಸ ಕಾಯ್ದೆಯಡಿ ಫಿಲಡೆಲ್ಫಿಯಾದಲ್ಲಿ ಕೇಸು ಹಾಕಿದರು. ಅವರ ವಕೀಲ ಚಾರ್ಲ್ಸ್ ಬಿಡಲ್ ಸ್ವತಃ ಮೊದಲ ಮಹಾಯುದ್ಧದ ಫೈಟರ್ ಪೈಲಟ್, ವಿಮಾನದ ವಿಷಯ ಹೊಸದಾಗಿ ಕಲಿಯಬೇಕಾದವರಲ್ಲ. ಅವರು ಕೇಳಿದ್ದು ಎರಡೇ: ವಾಯುಪಡೆಯ ಅಪಘಾತ ತನಿಖಾ ವರದಿ, ಬದುಕಿದ ಮೂವರು ಸಿಬ್ಬಂದಿಯ ಹೇಳಿಕೆ. ಯಾಕೆ ಬಿತ್ತು ಅನ್ನೋದು ತಿಳಿಯದೆ ನಿರ್ಲಕ್ಷ್ಯ ಸಾಬೀತು ಮಾಡೋದು ಹೇಗೆ?

ಸರ್ಕಾರ ಕೊಡಲ್ಲ ಅಂತು. ಕೊಟ್ಟರೆ ದೇಶದ ಭದ್ರತೆಗೆ ತೊಂದರೆ ಅಂತ ವಾಯುಪಡೆ ಕಾರ್ಯದರ್ಶಿ ಥಾಮಸ್ ಫಿನ್‌ಲೆಟರ್ ಬರೆದುಕೊಟ್ಟರು. ಜಡ್ಜ್ ಕಿರ್ಕ್‌ಪ್ಯಾಟ್ರಿಕ್, ಸರಿ, ಅವರಿಗೆ ಕೊಡಬೇಡಿ, ನನಗೆ ತಂದುಕೊಡಿ, ನಾನೊಬ್ಬನೇ ಓದಿ ತೀರ್ಮಾನಿಸ್ತೀನಿ ಅಂದರು. ಅದಕ್ಕೂ ಒಪ್ಪಲಿಲ್ಲ. ಹಾಗಿದ್ರೆ ನಿರ್ಲಕ್ಷ್ಯ ಆಗಿದೆ ಅಂತಲೇ ಹಿಡಿದು ತೀರ್ಪು ಕೊಡ್ತೀನಿ ಅಂತ ಮೂವರಿಗೂ ಸೇರಿ 2,25,000 ಡಾಲರ್ ಪರಿಹಾರ ಕೊಡಿಸಿದರು. ಮೇಲ್ಮನವಿಯಲ್ಲೂ ವಿಧವೆಯರೇ ಗೆದ್ದರು. ಅಲ್ಲಿ ತೀರ್ಪು ಬರೆದ ಜಡ್ಜ್ ಮಾರಿಸ್ ಒಂದು ಎಚ್ಚರಿಕೆ ಕೊಟ್ಟಿದ್ದರು: ಇಂಥ ಹಕ್ಕನ್ನ ಒಪ್ಪಿಬಿಟ್ಟರೆ, ಬರೀ ಅಧಿಕಾರಿಗಳಿಗೆ ಮುಜುಗರ ಆಗುತ್ತೆ ಅನ್ನೋ ಕಾರಣಕ್ಕೆ ಕಾಗದ ಮುಚ್ಚಿಡೋದು ಅಲ್ಲಿಂದ ಒಂದೇ ಹೆಜ್ಜೆ ದೂರ ಅಂತ.

1953ರ ಮಾರ್ಚ್ 9ರಂದು ಸುಪ್ರೀಂ ಕೋರ್ಟ್ 6-3ರಲ್ಲಿ ಎಲ್ಲ ತಲೆಕೆಳಗು ಮಾಡಿತು. ಕೊರಿಯಾ ಯುದ್ಧ ನಡೀತಿತ್ತು, ರಷ್ಯಾದ ಭಯ ಎಲ್ಲರ ತಲೆಯಲ್ಲಿತ್ತು, ಅದನ್ನ ಮರೆತು ಈ ತೀರ್ಪು ಓದೋದು ನ್ಯಾಯ ಅಲ್ಲ. ಮುಖ್ಯ ನ್ಯಾಯಮೂರ್ತಿ ವಿನ್ಸನ್ ಹಾಕಿದ ಸೂತ್ರ ಕೇಳೋಕೆ ಸಮತೋಲನದ್ದೇ. ಇಲಾಖೆಯ ಮುಖ್ಯಸ್ಥರೇ ಖುದ್ದಾಗಿ ನೋಡಿ ಈ ಹಕ್ಕು ಕೇಳಬೇಕು, ಒಪ್ಪೋದು ಬಿಡೋದು ಕೋರ್ಟಿನ ಕೈಲಿರಬೇಕು. ಆದರೆ ಸಂದರ್ಭ ನೋಡಿದರೇ ಅಪಾಯ ಇರಬಹುದು ಅಂತ ಮನವರಿಕೆ ಆದರೆ, ಜಡ್ಜ್ ತನ್ನ ಕೋಣೆಯಲ್ಲಿ ಒಬ್ಬನೇ ಕೂತೂ ಆ ಕಾಗದ ನೋಡಬೇಕು ಅಂತ ಹಠ ಹಿಡೀಬಾರದು. ಬದುಕಿದ ಸಿಬ್ಬಂದಿಯನ್ನ ವಿಚಾರಿಸೋಕೆ ಸರ್ಕಾರ ಅವಕಾಶ ಕೊಡ್ತೀನಿ ಅಂದಿತ್ತಲ್ಲ, ಅದನ್ನ ಯಾಕೆ ಬಿಟ್ಟಿರಿ ಅಂತಲೂ ವಿಧವೆಯರನ್ನ ಕೇಳಿತು ಕೋರ್ಟು. ಬ್ಲ್ಯಾಕ್, ಫ್ರಾಂಕ್‌ಫರ್ಟರ್, ಜಾಕ್ಸನ್ ಅನ್ನೋ ಮೂವರು ಒಪ್ಪಲಿಲ್ಲ. ಜಡ್ಜ್ ಮಾರಿಸ್ ಹೇಳಿದ್ದೇ ಹೆಚ್ಚುಕಡಿಮೆ ನಮ್ಮ ಕಾರಣ ಅಂತ ಒಂದು ಸಾಲಲ್ಲಿ ಮುಗಿಸಿದರು. ಆ ಒಂಬತ್ತು ಜನರಲ್ಲಿ ಒಬ್ಬರೂ ವರದಿ ಓದಿರಲಿಲ್ಲ.

ಕೇಸು ಕೆಳಗಿನ ಕೋರ್ಟಿಗೆ ವಾಪಸ್ ಹೋಯ್ತು. ಮತ್ತೆ ಮೊದಲಿಂದ ಹೋರಾಡೋ ಶಕ್ತಿ ಯಾರಿಗಿತ್ತು? ಮೂವರೂ ಸೇರಿ 1,70,000 ಡಾಲರ್‌ಗೆ ರಾಜಿ ಮಾಡಿಕೊಂಡರು.

ಇಲ್ಲಿಂದ 47 ವರ್ಷ ಮುಂದೆ ಬನ್ನಿ. ವರ್ಷ 2000. ಜೂಡಿ ಪಾಲ್ಯಾ ಲೋಥರ್, ಆ ಏಳು ವಾರದ ಮಗು, ಮನೆಯ ಕಂಪ್ಯೂಟರಲ್ಲಿ ಅಪ್ಪನ ಬಗ್ಗೆ ಏನಾದರೂ ಸಿಗುತ್ತಾ ಅಂತ ಹುಡುಕ್ತಾ ಕೂತಿದ್ದಾಗ ಹಳೇ ವಾಯುಪಡೆ ಅಪಘಾತ ವರದಿಗಳ ಪ್ರತಿ ಮಾರೋ ಒಂದು ವೆಬ್‌ಸೈಟ್ ಕಣ್ಣಿಗೆ ಬಿತ್ತು. ಆ ವರದಿಗಳನ್ನ 1990ರ ದಶಕದಲ್ಲಿ ಗುಪ್ತ ಪಟ್ಟಿಯಿಂದ ತೆಗೆದಿದ್ದರು. ದುಡ್ಡು ಕಳಿಸಿದಳು, ವರದಿ ಅಂಚೆಯಲ್ಲಿ ಮನೆಗೆ ಬಂತು. ಸುಪ್ರೀಂ ಕೋರ್ಟಿಗೇ ತೋರಿಸಲ್ಲ ಅಂದ ಕಾಗದ!

ಅಪ್ಪ ಮಾಡ್ತಿದ್ದ ಗುಪ್ತ ಯಂತ್ರದ ಬಗ್ಗೆ ಏನಾದರೂ ಇರಬಹುದು ಅಂತ ಆಸೆಯಿಂದ ಪುಟ ತಿರುವಿದರೆ, ಯಂತ್ರ ಹೇಗೆ ಕೆಲಸ ಮಾಡುತ್ತೆ ಅನ್ನೋ ವಿವರ ಒಂದೂ ಇಲ್ಲ. ಇದ್ದದ್ದು ಇಂಜಿನ್ನಿನ ಹೊಗೆ ಕೊಳವೆಗಳ ಶಾಖ ತಡೆಯೋ ತಗಡಿನ ಕವಚಗಳ ವಿಷಯ. ಬೆಂಕಿ ತಪ್ಪಿಸೋಕೆ ಅದನ್ನ ಹಾಕಿ ಅಂತ ಟೆಕ್ನಿಕಲ್ ಆರ್ಡರ್ ಬಂದಿತ್ತು. ಈ ವಿಮಾನಕ್ಕೆ ಹಾಕಿರಲಿಲ್ಲ. ಆ ಆದೇಶ ಪಾಲಿಸದ ಕಾರಣ ವಿಮಾನ ಹಾರೋಕೆ ಸುರಕ್ಷಿತವಾಗಿರಲಿಲ್ಲ ಅಂತ ವಾಯುಪಡೆಯ ತನಿಖೆಯೇ ಬರೆದಿತ್ತು. ಹಾರೋ ಮುಂಚೆ ನಾಗರಿಕರಿಗೆ ಪ್ಯಾರಾಚೂಟ್, ತುರ್ತು ಬಾಗಿಲು ಬಗ್ಗೆ ಹೇಳಿಕೊಡಬೇಕು ಅನ್ನೋ ನಿಯಮವನ್ನೂ ಪಾಲಿಸಿರಲಿಲ್ಲ. ವಿಮಾನ ಗಿರಕಿ ಹೊಡೀತಿರುವಾಗ, ಎಲ್ಲಿಂದ ಹಾರಬೇಕು ಅಂತ ಯಾರೂ ಹೇಳಿಕೊಡದ ಆ ಇಂಜಿನಿಯರ್‌ಗಳನ್ನ ನೆನೆಸಿಕೊಂಡರೆ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತೆ.

ಜೂಡಿ ಉಳಿದ ಮನೆಯವರನ್ನ ಹುಡುಕಿದಳು. ರಾಬರ್ಟ್ ರೆನಾಲ್ಡ್ಸ್ ಅವರ ಹೆಂಡತಿ ಪ್ಯಾಟ್ರಿಷಿಯಾ ಮರುಮದುವೆಯಾಗಿ ಪ್ಯಾಟ್ರಿಷಿಯಾ ಹೆರಿಂಗ್ ಆಗಿದ್ದರು. ಎಲ್ಲರೂ ಸೇರಿ 2003ರಲ್ಲಿ ಸೀದಾ ಸುಪ್ರೀಂ ಕೋರ್ಟಿಗೇ ಹೋಗಿ, ನೀವು ಮೋಸ ಹೋದಿರಿ, ಹಳೇ ತೀರ್ಪು ಸರಿಮಾಡಿ ಅಂದರು. ಕೋರ್ಟ್ ಕೇಳೋಕೆ ಒಪ್ಪಲಿಲ್ಲ. ಮತ್ತೆ ಕೆಳಗಿನಿಂದ ಹೊಸ ಕೇಸು. 2005ರಲ್ಲಿ ಮೇಲ್ಮನವಿ ಕೋರ್ಟ್ ಹೇಳಿದ್ದು ಇಷ್ಟು: ಸರ್ಕಾರ ಅವತ್ತು ಮುಚ್ಚಿಟ್ಟಿದ್ದು ಗುಪ್ತ ಯಂತ್ರವನ್ನ ಮಾತ್ರ ಅಂತ ಯಾಕೆ ಓದಬೇಕು, ಬಿ-29 ಹೇಗೆ ಕೆಲಸ ಮಾಡುತ್ತೆ ಅನ್ನೋದೂ ಆಗ ಸೂಕ್ಷ್ಮ ವಿಷಯವೇ ಇರಬಹುದು, ಹಾಗೆ ಓದಿದರೆ ಸುಳ್ಳು ಹೇಳಿದಂತೆ ಆಗಲ್ಲ. ಈ ವಾದವನ್ನ ತಳ್ಳಿಹಾಕೋಕೆ ಆಗಲ್ಲ, ಚಿಕ್ಕ ವಿವರಗಳನ್ನ ಜೋಡಿಸಿ ಶತ್ರು ದೊಡ್ಡ ಚಿತ್ರ ಕಟ್ಟಬಹುದು ಅನ್ನೋದು ನಿಜ. ಆದರೆ ತಗಡು ಹಾಕದೇ ಇದ್ದದ್ದು ಯಾವ ಶತ್ರುವಿಗೆ ಉಪಯೋಗ ಅಂತ ನನಗಂತೂ ಹೊಳೀತಿಲ್ಲ. 2006ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಬಾಗಿಲು ಹಾಕಿತು.

ಇವತ್ತಿಗೂ ಅಮೆರಿಕದಲ್ಲಿ ‘ಸ್ಟೇಟ್ ಸೀಕ್ರೆಟ್ಸ್’ ಹಕ್ಕಿಗೆ ಆಧಾರ ಈ ರೆನಾಲ್ಡ್ಸ್ ತೀರ್ಪೇ. ಸಿಐಎ ತಪ್ಪಾಗಿ ಹಿಡಿದುಕೊಂಡು ಹೋದ ಖಾಲಿದ್ ಅಲ್-ಮಸ್ರಿ ಹಾಕಿದ ಕೇಸು ಬಿದ್ದುಹೋದದ್ದು ಇದರ ಮೇಲೆ. 2022ರಲ್ಲಿ ಅಬು ಝುಬೈದಾ ಕೇಸಲ್ಲೂ ಸುಪ್ರೀಂ ಕೋರ್ಟ್ ಇದನ್ನೇ ಹಿಡಿದು ಸರ್ಕಾರದ ಪರ ತೀರ್ಪು ಕೊಟ್ಟಿತು.

ನಮ್ಮಲ್ಲಿ ಹೇಗೆ ಅಂತ ಹೋದ ಸಲವೇ ಕೆಲವರು ಕೇಳಿದ್ದಿರಿ. ಹಳೇ ಸಾಕ್ಷ್ಯ ಕಾಯ್ದೆಯ 123ನೇ ಕಲಂನಲ್ಲಿ ಇಂಥದ್ದೇ ಹಕ್ಕಿತ್ತು. 1960ರಲ್ಲಿ ಸೋಧಿ ಸುಖದೇವ್ ಸಿಂಗ್ ಕೇಸಲ್ಲಿ ನಮ್ಮ ಸುಪ್ರೀಂ ಕೋರ್ಟೂ ಆ ಕಾಗದವನ್ನ ಕೋರ್ಟೇ ತೆರೆದು ನೋಡುವಂತಿಲ್ಲ ಅಂದಿತ್ತು. ಆದರೆ ಅಲ್ಲಿಗೇ ನಿಲ್ಲಲಿಲ್ಲ. 1975ರ ರಾಜ್ ನಾರಾಯಣ್ ಕೇಸಲ್ಲಿ, ಬೇಕಾದರೆ ಜಡ್ಜ್ ನೋಡಬಹುದು ಅಂತ ಆಯ್ತು. 1981ರಲ್ಲಿ ಎಸ್.ಪಿ. ಗುಪ್ತ ಕೇಸಲ್ಲಿ, ಜಡ್ಜ್‌ಗಳ ನೇಮಕದ ಬಗ್ಗೆ ಸರ್ಕಾರದೊಳಗೆ ನಡೆದ ಪತ್ರವ್ಯವಹಾರವನ್ನ ಕೋರ್ಟ್ ತಾನೇ ತರಿಸಿ ಓದಿತು, ಓದಿದ ಮೇಲೆ ಎದುರು ಪಕ್ಷದವರಿಗೂ ಕೊಡಿಸಿತು. 2021ರ ಪೆಗಾಸಸ್ ಆದೇಶದಲ್ಲಿ, ರಾಷ್ಟ್ರೀಯ ಭದ್ರತೆ ಅಂದಾಕ್ಷಣ ಸರ್ಕಾರಕ್ಕೆ ಪ್ರತಿ ಸಲ ಉಚಿತ ಪಾಸ್ ಸಿಗಲ್ಲ ಅನ್ನೋ ಅರ್ಥದ ಮಾತು ಬಂತು. ಪೆಗಾಸಸ್ ಬಗ್ಗೆ ಬೇರೆಯಾಗಿ ಮಾತಾಡೋಣ, ಅದಕ್ಕೆ ನಾನಿನ್ನೂ ಓದಬೇಕಾದ್ದು ಬಹಳ ಇದೆ.