ನಾನೊಬ್ಬನಿಂದ ಏನಾದೀತು?

ಸಾರ್ವಜನಿಕ ಕಾರ್ಯಕ್ಕೆ ಕರೆ ಬಂದಾಗ ನಮ್ಮ ಪಟ್ಟಣಗಳ ವಿದ್ಯಾವಂತರ ಬಾಯಿಂದ ಮೊದಲು ಹೊರಡುವ ಮಾತು "ನಾನೊಬ್ಬನಿಂದ ಏನಾದೀತು?" ಎಂಬುದು. ಅದೇ ಮಹನೀಯರು ಕಛೇರಿಯ ಕುರ್ಚಿಯಲ್ಲಿ ಕುಳಿತಾಗ "ನಾನಿಲ್ಲದೆ ಏನಾದೀತು?" ಎನ್ನುವುದೂ ಉಂಟು. ಈ ಎರಡು ಮಾತುಗಳನ್ನು ತೂಗಿ ನೋಡಬಯಸುವವರು ತುಮಕೂರು ಜಿಲ್ಲೆಯ ಉತ್ತರದ ತಾಲ್ಲೂಕುಗಳನ್ನು ಒಮ್ಮೆ ಸುತ್ತಿ ಬರುವುದು ಒಳಿತು.

ಮಧುಗಿರಿಯ ಏಕಶಿಲೆಯ ಬುಡದಲ್ಲಿ ನಿಂತವನ ಕತ್ತು ತಾನಾಗಿ ಮೇಲಕ್ಕೆ ಏಳುವುದು. ರಾಮನಗರದಿಂದ ಮಧುಗಿರಿ, ಪಾವಗಡಗಳ ಮೇಲೆ ಹಾದುಹೋಗುವ ಈ ಗ್ರಾನೈಟ್ ಶಿಲೆಯ ಸಾಲು ಭೂಗರ್ಭದಲ್ಲಿ ಆರಿ ಗಟ್ಟಿಯಾಗಿ ಸುಮಾರು 250 ಕೋಟಿ ವರ್ಷಗಳಾದುವೆಂದು ಭೂಶಾಸ್ತ್ರಜ್ಞರು ನಿರ್ಣಯಿಸಿರುತ್ತಾರೆ. ಆ ಕಾಲವನ್ನು ಒಂದು ಹಗಲಿರುಳೆಂದು ಎಣಿಸಿದರೆ, ನೂರು ವರ್ಷ ಬಾಳಿದವನ ಆಯುಸ್ಸು ಒಂದು ಸೆಕೆಂಡಿನ ಇನ್ನೂರೈವತ್ತನೆಯ ಒಂದಂಶವನ್ನೂ ಮುಟ್ಟಲಾರದು.

ಶಿರಾ ಪಟ್ಟಣವು ಅಧಿಕಾರದ ಆಯುಸ್ಸನ್ನು ತಿಳಿಸುತ್ತದೆ. 1687ರಲ್ಲಿ ಮೊಗಲರು ಅದನ್ನು ಗೆದ್ದು ಒಂದು ಸುಭಾದ ರಾಜಧಾನಿಯನ್ನಾಗಿ ಮಾಡಿದರು. ಆ ಸುಭೇದಾರರ ಹೆಸರುಗಳನ್ನು ಹೇಳಬಲ್ಲವರು ಇಂದು ಅಲ್ಲಿಯ ಸಂತೆಯಲ್ಲಿ ಎಷ್ಟು ಮಂದಿ?

ಇನ್ನು ಪಾವಗಡ. ಬಿಸಿಲೇ ಶಾಪವೆನಿಸಿದ್ದ ಆ ಸೀಮೆಯಲ್ಲಿ, ತಿರುಮಣಿಯ ಸುತ್ತ ರೈತರು ಗುತ್ತಿಗೆಗೆ ಕೊಟ್ಟ ಸುಮಾರು 13,000 ಎಕರೆ ನೆಲದಲ್ಲಿ 2,050 ಮೆಗಾವಾಟ್ ಶಕ್ತಿಯ ಸೌರವಿದ್ಯುತ್ ಸ್ಥಾವರವು ಹರಡಿಕೊಂಡಿದೆ. ಅಲ್ಲಿಯ ಫಲಕಗಳ ಮೇಲೆ ಬೀಳುವ ಕಿರಣವು ಸೂರ್ಯನನ್ನು ಬಿಟ್ಟು ಎಂಟು ನಿಮಿಷಗಳಾಗಿರುತ್ತವೆ. ಆ ಸೂರ್ಯನಾದರೋ ನಮ್ಮ ಆಕಾಶಗಂಗೆಯ ಹತ್ತು ಸಾವಿರ ಕೋಟಿಗೂ ಮೀರಿದ ನಕ್ಷತ್ರಗಳಲ್ಲಿ ಒಬ್ಬ. ನೆರೆಯ ಆಂಡ್ರೊಮಿಡಾ ನಕ್ಷತ್ರಮಂಡಲದಿಂದ ಬೆಳಕು ನಮ್ಮನ್ನು ಮುಟ್ಟಲು 25 ಲಕ್ಷ ವರ್ಷಗಳು ಬೇಕು.

ಇಷ್ಟನ್ನು ಅರಿತ ಮೇಲೆ "ನಾನಿಲ್ಲದೆ ಏನಾದೀತು?" ಎಂಬ ಮಾತು ನಾಲಗೆಯ ಮೇಲೆ ನಿಲ್ಲದು. ಹಾಗಾದರೆ ಮೊದಲನೆಯ ಮಾತೇ ಸರಿಯೆ? ಅಲ್ಲವೆಂದು ನಾವು ಹೇಳುವೆವು.

ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿಯು ಕೊರಟಗೆರೆ, ಮಧುಗಿರಿಗಳ ಸೀಮೆಯಲ್ಲಿ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಆ ಸೀಮೆಯ ಕೆರೆಯ ಏರಿಗಳಿಗೆ ಮಂಕರಿ ಮಂಕರಿಯಾಗಿ ಮಣ್ಣು ಹೊತ್ತವರ ಹೆಸರು ಯಾವ ಶಾಸನದಲ್ಲಿಯೂ ಇಲ್ಲ; ಅವರು ಕಟ್ಟಿದ ಏರಿಯ ನೀರಿನಿಂದ ತಲೆಮಾರುಗಳು ಉಂಡಿವೆ. ಅದೇ ಪಿನಾಕಿನಿಯ ದಡದ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು, ನಿಷೇಧಾಜ್ಞೆಯನ್ನು ಲೆಕ್ಕಿಸದೆ ರಾಷ್ಟ್ರಧ್ವಜಕ್ಕಾಗಿ ನೆರೆದ ಹಳ್ಳಿಗರ ಮೇಲೆ ಗುಂಡು ಹಾರಿತು. ಹಲವರು ಪ್ರಾಣ ತೆತ್ತರು. ಮುಂದಿನ ತಿಂಗಳೇ ಮೈಸೂರು ಸರ್ಕಾರವು ಕಾಂಗ್ರೆಸ್ಸಿನೊಡನೆ ಒಪ್ಪಂದಕ್ಕೆ ಬಂದು, ಸಂಸ್ಥಾನದ ಧ್ವಜದ ಜೊತೆಯಲ್ಲಿ ಆ ಧ್ವಜವನ್ನೂ ಹಾರಿಸಲು ಒಪ್ಪಿತು. ಅಂದು ಪ್ರತಿಯೊಬ್ಬನೂ "ನಾನೊಬ್ಬನಿಂದ ಏನಾದೀತು?" ಎಂದು ಮನೆಯಲ್ಲಿ ಕುಳಿತಿದ್ದರೆ?

ನಾವು ಅಲ್ಪರೆಂಬುದು ನಿಜ. ಆಕಾಶದ ಅಳತೆಯು ನಮ್ಮ ಅಹಂಕಾರಕ್ಕೆ ಮದ್ದಾಗಲಿ. ಆಲಸ್ಯಕ್ಕೆ ಅದನ್ನು ನೆಪವಾಗಿ ಹಿಡಿಯುವುದು ಸಲ್ಲದು. ಬೆಟ್ಟದ ಮುಂದೆ ತಲೆ ಬಾಗಿಸಿ, ಬಂದ ದಾರಿಯಲ್ಲಿಯೇ ಹಿಂದಿರುಗಿ, ನಮ್ಮ ಪಾಲಿನ ಒಂದು ಮಂಕರಿ ಮಣ್ಣನ್ನು ನಾವು ಹೊರೋಣ.