ಕೆನ್ನೆಯ ದಾರಿಯಲ್ಲಿ ಮಿದುಳಿಗೆ

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ವೀಳ್ಯದೆಲೆ ಮಾರುತ್ತಿದ್ದ ನಮ್ಮ ದೊಡ್ಡಪ್ಪನ ಲೆಕ್ಕದ ಪುಸ್ತಕವೊಂದು ನನ್ನ ಬಳಿ ಉಳಿದಿದೆ. ಮೊದಲ ಹಾಳೆಗಳಲ್ಲಿ ಅಕ್ಷರ ದುಂಡಗೆ, ಗೆರೆ ತುಂಬ ಕೂತಿವೆ. ಬರಬರುತ್ತಾ ಸಾಲಿನ ಮೊದಲಿಗೆ ದೊಡ್ಡದಾಗಿದ್ದ ‘ಕವಳಿಗೆ’ (ಎಲೆಯ ಕಟ್ಟು) ಸಾಲು ಮುಗಿಯುವ ಹೊತ್ತಿಗೆ ಇರುವೆಯಷ್ಟಾಗುತ್ತದೆ, ಗೆರೆಗಳೆಲ್ಲ ನಡುಗಿವೆ. ಪಾರ್ಕಿನ್ಸನ್ ಕಾಯಿಲೆ ಕೈಬರಹವನ್ನು ಹೀಗೆ ಕುಗ್ಗಿಸುತ್ತದೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಮನೆಯಲ್ಲಿ ಅದಕ್ಕೆ ಕಂಪವಾತ ಅನ್ನುತ್ತಿದ್ದರು.

ಅರವತ್ತರ ದಶಕದಲ್ಲಿ ಅವರನ್ನು ರೈಲು ಹತ್ತಿಸಿ ಬೆಂಗಳೂರಿಗೆ ಕರೆದೊಯ್ದರಂತೆ. “ಕೆನ್ನೆಗೆ ಸೂಜಿ ಹಾಕಿ ಕೈ ನಡುಕ ನಿಲ್ಲಿಸಿದರು” ಎಂದು ದೊಡ್ಡಮ್ಮ ಹೇಳುವಾಗ ನಾವು ಹುಡುಗರು ನಂಬಿರಲಿಲ್ಲ. ಕೈಗೂ ಕೆನ್ನೆಗೂ ಎಲ್ಲಿಯ ಸಂಬಂಧ?

ದೊಡ್ಡಮ್ಮ ಹೇಳಿದ್ದು ಅಕ್ಷರಶಃ ನಿಜ. ನಿಮ್ಹಾನ್ಸ್‌ನ ಮೊದಲ ನಿರ್ದೇಶಕರಾದ ಡಾ. ಆರ್. ಮಾರ್ತಾಂಡ ವರ್ಮ ಅವರ ಹೆಸರಿನಲ್ಲೇ ಈ ವಿಧಾನವಿದೆ: ‘ವರ್ಮಾಸ್ ಟೆಕ್ನಿಕ್’. ನಿಮ್ಹಾನ್ಸ್ ಹುಟ್ಟಿದ್ದು 1974ರಲ್ಲಿ; ವರ್ಮ ಅವರು ಅದಕ್ಕೂ ಮೊದಲು ಅದೇ ಆವರಣದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ನರಶಸ್ತ್ರಜ್ಞರು. ತಲೆಬುರುಡೆಯ ತಳದಲ್ಲಿ, ದವಡೆಯ ನರ ಹೊರಬರುವ ಕಡೆ, ಫೊರಾಮೆನ್ ಒವೇಲ್ ಎಂಬ ಮೊಟ್ಟೆಯಾಕಾರದ ಸಣ್ಣ ಕಿಂಡಿಯಿದೆ. ಉದ್ದ ಒಂದು ಸೆಂಟಿಮೀಟರ್ ಕೂಡ ಇಲ್ಲ. ಬುರುಡೆ ಕೊರೆಯದೆ, ಕೆನ್ನೆಯಿಂದ ಸೂಜಿ ತೂರಿಸಿ, ಆ ಕಿಂಡಿ ದಾಟಿಸಿ ಮಿದುಳಿನಾಳದ ಥಲಾಮಸ್‌ವರೆಗೆ ಒಯ್ಯುವುದು ಅವರ ದಾರಿ. ನಡುಕ ಹುಟ್ಟಿಸುವ ಚೂರು ಜಾಗವನ್ನು ಅಲ್ಲಿ ಸುಮ್ಮನಾಗಿಸುತ್ತಿದ್ದರು.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಆಗ ಎಂಆರ್‌ಐ ಇಲ್ಲ, ಸಿ.ಟಿ. ಸ್ಕ್ಯಾನ್ ಇಲ್ಲ. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆಯೇ ಹೊರತು ಥಲಾಮಸ್ ಕಾಣುವುದಿಲ್ಲ. 1947ರಲ್ಲಿ ಫಿಲಡೆಲ್ಫಿಯಾದ ವೈದ್ಯರಾದ ಸ್ಪೀಗೆಲ್ ಮತ್ತು ವೈಸಿಸ್ ಮನುಷ್ಯರ ತಲೆಗೆ ಲೋಹದ ಚೌಕಟ್ಟು ಬಿಗಿದು ಅಳತೆ ಹಿಡಿದ ಮೇಲೂ ಕಷ್ಟ ಇದೇ ಆಗಿತ್ತು. ಮಿದುಳಿನ ಕುಹರಗಳಿಗೆ ಗಾಳಿಯನ್ನೋ ಎಕ್ಸ್‌ರೇಗೆ ಕಾಣುವ ದ್ರವವನ್ನೋ ತುಂಬಿ ಎಕ್ಸ್‌ರೇ ತೆಗೆದು, ಕಂಡ ಎರಡು ಗುರುತುಗಳಿಂದ ಕಾಣದ ಜಾಗವನ್ನು ಲೆಕ್ಕ ಹಾಕುತ್ತಿದ್ದರು. ಉಳಿದದ್ದು ವೈದ್ಯರ ಕೈ, ಅನುಭವ, ಮತ್ತು ಎಚ್ಚರವಾಗಿಯೇ ಮಲಗಿ ಬೆರಳು ಆಡಿಸಿ ತೋರಿಸುವ ರೋಗಿ.

ಅರವತ್ತರ ದಶಕದ ಕೊನೆಗೆ ಪಾರ್ಕಿನ್ಸನ್‌ಗೆ ಎಲ್-ಡೋಪಾ ಮಾತ್ರೆ ಬಂತು. ಸೂಜಿಗಳು ಹಿಂದೆ ಸರಿದವು. ನಮ್ಮ ಬೇಲಿಗಳಲ್ಲಿ ಹಬ್ಬುವ ನಸುಗುನ್ನಿಯ ಬೀಜದಲ್ಲಿ ಇದೇ ಎಲ್-ಡೋಪಾ ಇರುವುದನ್ನು ವಿಜ್ಞಾನಿಗಳಾದ ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲೇ ಬರೆದಿದ್ದರು. ಆದರೆ ವರ್ಷಗಳು ಕಳೆದಂತೆ ಮಾತ್ರೆಯ ಬಲ ಬೇಗ ಇಳಿಯತೊಡಗುತ್ತದೆ, ಕೈಕಾಲಿನ ಬೇಡದ ಕುಣಿತ ಶುರುವಾಗುತ್ತದೆ. ಹಾಗಾಗಿ ಶಸ್ತ್ರಚಿಕಿತ್ಸೆ ಮತ್ತೆ ಬಂತು. 1987ರಲ್ಲಿ ಗ್ರೆನೋಬಲ್‌ನ ನರಶಸ್ತ್ರಜ್ಞ ಬೆನಾಬಿಡ್, ಮಿದುಳನ್ನು ಸುಡದೆ, ತಂತಿಯಿಂದ ವಿದ್ಯುತ್ ಮಿಡಿತ ಕೊಟ್ಟು ನಡುಕ ತಡೆದರು. ಅದೇ ಇಂದಿನ ಡೀಪ್ ಬ್ರೇನ್ ಸ್ಟಿಮ್ಯುಲೇಷನ್ (ಡಿಬಿಎಸ್).

ಈಗ ತಂತಿ ಸೇರುವ ಮುಖ್ಯ ಜಾಗ ಥಲಾಮಸ್‌ನ ಕೆಳಗಿನ ಸಬ್‌ಥಲಾಮಿಕ್ ನ್ಯೂಕ್ಲಿಯಸ್. ಹೆಚ್ಚುಕಡಿಮೆ ಹಿದುಕಿದ ಅವರೆಬೇಳೆಯ ಗಾತ್ರ. ಅದರಲ್ಲಿರುವ ಕಬ್ಬಿಣದ ಅಂಶದಿಂದಾಗಿ 3 ಟೆಸ್ಲಾ ಎಂಆರ್‌ಐ ಚಿತ್ರದಲ್ಲಿ ಬೂದು ಬಣ್ಣದ ನಡುವೆ ಕಪ್ಪಗೆ ಕಾಣುತ್ತದೆ. ಆ ಚಿತ್ರವನ್ನು ಶಸ್ತ್ರಚಿಕಿತ್ಸೆಯ ಬೆಳಿಗ್ಗೆ ಚೌಕಟ್ಟಿನೊಂದಿಗೆ ತೆಗೆದ ಸಿ.ಟಿ.ಯ ಮೇಲೆ ಕೂಡಿಸಿ, ರಕ್ತನಾಳ ತಪ್ಪಿಸುವ ಹಾದಿಯನ್ನು ಕಂಪ್ಯೂಟರ್‌ನಲ್ಲೇ ಎಳೆಯುತ್ತಾರೆ. ಎಂಆರ್‌ಐ ಒಳಗೇ ಶಾಖ ಅಳೆಯುತ್ತಾ, ಬುರುಡೆಗೆ ರಂಧ್ರವೇ ಇಲ್ಲದೆ, ಅಲ್ಟ್ರಾಸೌಂಡ್ ಅಲೆಗಳನ್ನು ಥಲಾಮಸ್‌ನ ಒಂದು ಬಿಂದುವಿಗೆ ಕೂಡಿಸುವ ವಿಧಾನವೂ ಬಂದಿದೆ. ಬುರುಡೆ ಕೊರೆಯದೆ ಥಲಾಮಸ್ ಮುಟ್ಟುವುದು: ವರ್ಮ ಅವರು ಕೆನ್ನೆಯಿಂದ ಹೊರಟದ್ದೂ ಅದಕ್ಕೇ.

ನಮ್ಮ ಮನೆಯಲ್ಲೂ ಆ ಕೆನ್ನೆಯ ದಾರಿಯ ಸಾಕ್ಷಿ ಇತ್ತು. ದೊಡ್ಡಪ್ಪನ ಎಕ್ಸ್‌ರೇ ಹಾಳೆಗಳು ಕಂದು ಲಕೋಟೆಯಲ್ಲಿ ಅಟ್ಟದ ಮೇಲಿದ್ದವು. ಬೆಳ್ಳಿ ತೆಗೆಯಲು ಹಳೆಯ ಫಿಲ್ಮ್ ಕೊಳ್ಳುವವನು ಬಂದಾಗ ನಾವೇ ತೂಕಕ್ಕೆ ಹಾಕಿದೆವು. ಸೂಜಿ ಕಿಂಡಿ ದಾಟುವ ಚಿತ್ರ ಅದರಲ್ಲಿತ್ತೋ ಏನೋ. ನೆನೆದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಪುಸ್ತಕ ಮಾತ್ರ ಉಳಿಯಿತು. ಬೆಂಗಳೂರಿಂದ ಬಂದ ಮೇಲಿನ ಹಾಳೆಗಳಲ್ಲೂ ಅಕ್ಷರ ಚಿಕ್ಕವೇ. ಆದರೆ ಒಂದೂ ನಡುಗಿಲ್ಲ. ಕವಳಿಗೆಯ ‘ಳ’ಕಾರದ ಸುಳಿ ಕೂಡ ನುಣುಪಾಗಿ ತಿರುಗಿದೆ.