ನೆಡ್ ಕೆಲ್ಲಿಯ ಕತೆಯಲ್ಲಿ ಮರೆಯಾದ ಸಾರ್ಜೆಂಟ್

ಆಸ್ಟ್ರೇಲಿಯಾದಲ್ಲಿ ನೆಡ್ ಕೆಲ್ಲಿಯ ಹೆಸರು ಕೇಳದವರಿಲ್ಲ. 1906ರಲ್ಲೇ ಅವನ ಕತೆ ಚಲನಚಿತ್ರವಾಯಿತು. ಅವನ ಕಬ್ಬಿಣದ ಶಿರಸ್ತ್ರಾಣವನ್ನು ಕಲಾವಿದ ಸಿಡ್ನಿ ನೋಲನ್ ಜಗತ್ಪ್ರಸಿದ್ಧಗೊಳಿಸಿದರು. ಅವನ ಗುಂಡಿಗೆ ಬಲಿಯಾದ ಸಾರ್ಜೆಂಟ್ ಮೈಕೆಲ್ ಕೆನಡಿಯ ಹೆಸರು ಮಾತ್ರ ಅಷ್ಟಾಗಿ ಯಾರ ನಾಲಗೆಯ ಮೇಲೂ ಇಲ್ಲ.

ಕಾಡಿನಲ್ಲಿ ಅಡಗಿದ್ದು ದರೋಡೆ ಮಾಡುವವರನ್ನು ಅಲ್ಲಿ ‘ಬುಷ್‌ರೇಂಜರ್’ ಎನ್ನುತ್ತಿದ್ದರು. ಮೊದಮೊದಲು ಇವರು ಬ್ರಿಟನ್ನಿನಿಂದ ಗಡೀಪಾರಾಗಿ ಬಂದು ತಪ್ಪಿಸಿಕೊಂಡ ಕೈದಿಗಳು. ಕೆಲ್ಲಿಯ ಕಾಲಕ್ಕೆ ಅಲ್ಲೇ ಹುಟ್ಟಿದ ಬಡ ರೈತರ ಮಕ್ಕಳೂ ಈ ದಾರಿ ಹಿಡಿದಿದ್ದರು. 1878ರ ಏಪ್ರಿಲ್‌ನಲ್ಲಿ ಕೆಲ್ಲಿಯ ಮನೆಗೆ ಹೋದ ಪೊಲೀಸನೊಬ್ಬ ತನ್ನ ಮೇಲೆ ಗುಂಡು ಹಾರಿಸಿದರೆಂದು ದೂರಿತ್ತ. ತಾಯಿ ಎಲೆನ್‌ಗೆ ಮೂರು ವರ್ಷ ಸಜೆಯಾಯಿತು. ನೆಡ್ ಮತ್ತು ಅವನ ತಮ್ಮ ಡ್ಯಾನ್ ವಿಕ್ಟೋರಿಯಾದ ವೊಂಬ್ಯಾಟ್ ಬೆಟ್ಟಗಳಲ್ಲಿ ತಲೆಮರೆಸಿಕೊಂಡರು.

ಅವರನ್ನು ಹಿಡಿಯಲು ಅಕ್ಟೋಬರ್ 25ರಂದು ಮ್ಯಾನ್ಸ್‌ಫೀಲ್ಡ್ ಪಟ್ಟಣದಿಂದ ನಾಲ್ವರು ಹೊರಟರು: ಕೆನಡಿ, ಸ್ಕ್ಯಾನ್ಲನ್, ಲೋನಿಗನ್, ಮೆಕಿಂಟೈರ್. ಯಾರೂ ಸಮವಸ್ತ್ರ ತೊಟ್ಟಿರಲಿಲ್ಲ. ಕೆಲ್ಲಿಯನ್ನು ಇಂಗ್ಲಿಷರ ದಬ್ಬಾಳಿಕೆಗೆ ಎದುರು ನಿಂತ ಐರಿಷ್ ವೀರನೆಂದು ಕೊಂಡಾಡುವವರು ಮರೆಯುವ ಸಂಗತಿಯೊಂದಿದೆ. ಈ ನಾಲ್ವರೂ ಐರ್ಲೆಂಡಿನಲ್ಲೇ ಹುಟ್ಟಿದವರು! ಕೆಲ್ಲಿ ಹುಟ್ಟಿದ್ದು ವಿಕ್ಟೋರಿಯಾದಲ್ಲಿ.

ಮರುದಿನ ಸ್ಟ್ರಿಂಗಿಬಾರ್ಕ್ ತೊರೆಯ ಬಳಿಯ ಬಿಡಾರದಲ್ಲಿ ಲೋನಿಗನ್, ಮೆಕಿಂಟೈರ್ ಇಬ್ಬರೇ ಉಳಿದಿದ್ದರು. ಸಂಜೆಯ ಹೊತ್ತಿಗೆ ಕೆಲ್ಲಿಯ ತಂಡದ ನಾಲ್ವರು ಬಂದೂಕು ಹಿಡಿದು ಎದುರಾದರು. ಮೆಕಿಂಟೈರ್ ಕೈಯೆತ್ತಿದ, ಮರೆಗೆ ಓಡಿದ ಲೋನಿಗನ್ ಗುಂಡೇಟಿಗೆ ಸತ್ತ. ಗಸ್ತು ಮುಗಿಸಿ ಕೆನಡಿ, ಸ್ಕ್ಯಾನ್ಲನ್ ಮರಳಿದಾಗ, ಶರಣಾಗಿರೆಂದು ಮೆಕಿಂಟೈರ್ ಮುಂದೆ ಬಂದು ಹೇಳಿದ. ಕೆನಡಿ ತಮಾಷೆಯೆಂದು ತಿಳಿದು ನಕ್ಕ. ಅಷ್ಟರಲ್ಲಿ ಗುಂಡುಗಳು ಹಾರಿ ಸ್ಕ್ಯಾನ್ಲನ್ ಉರುಳಿದ. ಕೆನಡಿಯ ಕುದುರೆಯನ್ನೇ ಏರಿ ಮೆಕಿಂಟೈರ್ ಪಾರಾದ.

ಕೆನಡಿ ಮರದಿಂದ ಮರಕ್ಕೆ ಸರಿಯುತ್ತ ಕಾದಿದ. ಗಾಯಗೊಂಡು ಬಿದ್ದವನನ್ನು ಕೆಲ್ಲಿ ಹತ್ತಿರದಿಂದ ಗುಂಡಿಟ್ಟು ಕೊಂದ. ತಾನು ಕೊಲ್ಲದಿದ್ದರೆ ಅವರೇ ತನ್ನನ್ನು ಕೊಲ್ಲುತ್ತಿದ್ದರೆಂಬುದು 1879ರ ಜೆರಿಲ್ಡರಿ ಪತ್ರದಲ್ಲಿ ಅವನು ಮುಂದಿಟ್ಟ ವಾದ. ಹೆಣಕ್ಕೆ ಮೇಲಂಗಿ ಹೊದಿಸಿದ್ದನ್ನೂ ಅಲ್ಲಿ ಹೇಳಿಕೊಂಡಿದ್ದಾನೆ. ಮೇಲಂಗಿ ಹೊದಿಸಿದವನೇ ಸತ್ತವನ ಚಿನ್ನದ ಗಡಿಯಾರವನ್ನೂ ಒಯ್ದಿದ್ದ!

ಕೆನಡಿಯ ಶವ ಸಿಕ್ಕಿದ್ದು ಅಕ್ಟೋಬರ್ 31ರಂದು. ಹೆಂಡತಿ ಬ್ರಿಜೆಟ್, ಐವರು ಮಕ್ಕಳು ಅನಾಥರಾದರು. ಲೋನಿಗನ್‌ನಿಗೂ ನಾಲ್ವರು ಮಕ್ಕಳಿದ್ದರು. ಅವನ ಕೊಲೆಗಾಗಿಯೇ 1880ರ ನವೆಂಬರ್ 11ರಂದು ಕೆಲ್ಲಿಯನ್ನು ಮೆಲ್ಬರ್ನ್‌ನಲ್ಲಿ ಗಲ್ಲಿಗೇರಿಸಲಾಯಿತು. ಸತ್ತ ಮೂವರ ಸ್ಮಾರಕ ಮ್ಯಾನ್ಸ್‌ಫೀಲ್ಡ್‌ನಲ್ಲಿದೆ. ಗಡಿಯಾರ ಎಷ್ಟೋ ವರ್ಷಗಳ ಮೇಲೆ ಬ್ರಿಜೆಟ್‌ಳ ಕೈ ಸೇರಿತು.